ಮೇಸ್ತ್ರಿ ಮಾಡಿಕೊಟ್ಟ ಎತ್ತರದ ಸ್ಟೂಲು

ಆ ಕಂಪನಿಯಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ಆ ವರ್ಷಗಳು ಇವತ್ತಿಗೂ ಮೊದಲು ನೆನಪಾಗುವುದು ನನ್ನ ಕಾಲುಗಳಿಗೆ. ಎಡಗಾಲಿನ ಮೀನಖಂಡದಲ್ಲಿ ಒಂದು ನರ ಹಗ್ಗದ ಹಾಗೆ ಎದ್ದದ್ದು ಆಗಲೇ. ಅದು ಇನ್ನೂ ಇಳಿದಿಲ್ಲ.

ರಾಜಾಜಿನಗರದ ದೊಡ್ಡ ರಸ್ತೆಗೆ ಮುಖ ಮಾಡಿಕೊಂಡು ಶೋರೂಮು, ಅದರ ಹಿಂದೆ ಉದ್ದನೆಯ ಅಂಗಳ, ಅಂಗಳದಾಚೆ ಶೀಟು ಹೊದಿಸಿದ ಕಾರ್ಖಾನೆ. ಮರ ಹಿಂದಿನ ಗೇಟಿನಿಂದ ಬಂದು, ಮಂಚವೋ ಬೀರುವೋ ಆಗಿ ಮುಂದಿನ ಬಾಗಿಲಿನಿಂದ ಹೋಗುತ್ತಿತ್ತು. ಯಜಮಾನರ ತಂದೆ ಪೇಟೆಯ ಒಂದು ಗಲ್ಲಿಯಲ್ಲಿ ನಾಲ್ಕು ಜನ ಬಡಗಿಗಳನ್ನಿಟ್ಟುಕೊಂಡು ಶುರು ಮಾಡಿದ ಕಂಪನಿ ಅದು. ರಾಜಾಜಿನಗರ ಬೆಳೆಯತೊಡಗಿದಾಗ ಇಲ್ಲಿಗೆ ಬಂದಿತ್ತು. ನಾನು ಸೇರಿದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಸುತ್ತಲೂ ಹೊಸ ಬಡಾವಣೆಗಳು ಏಳುತ್ತಿದ್ದವು. ಬಸವೇಶ್ವರನಗರದಲ್ಲಿ, ವಿಜಯನಗರದಲ್ಲಿ ಸೈಟು ಸಿಕ್ಕವರು ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ಹದಿನೈದು ದಿನ ಇದೆ ಎನ್ನುವಾಗ ಗಂಡ ಹೆಂಡತಿ ಇಬ್ಬರೂ ಮಂಚ ನೋಡಲು ನಮ್ಮಲ್ಲಿಗೆ ಬರುತ್ತಿದ್ದರು.

ನಾವು ದಾವಣಗೆರೆ ಕಡೆಯವರು. ನನ್ನ ಗಂಡನಿಗೆ ಬಿನ್ನಿಪೇಟೆ ಕಡೆಯ ಗಿರಣಿಯೊಂದರಲ್ಲಿ ಕೆಲಸ ಸಿಕ್ಕಿದ್ದರಿಂದ ಬೆಂಗಳೂರಿಗೆ ಬಂದು, ವಿಜಯನಗರದ ಒಂದು ವಠಾರದಲ್ಲಿ ಬಾಡಿಗೆಗೆ ಇದ್ದೆವು. ಅವರಿಗೆ ಪಾಳಿ ಕೆಲಸ. ಗಿರಣಿಯಲ್ಲಿ ಇವತ್ತು ಜನರನ್ನು ತೆಗೆಯುತ್ತಾರೆ, ನಾಳೆ ತೆಗೆಯುತ್ತಾರೆ ಎನ್ನುವ ಮಾತು ಸದಾ ಇದ್ದೇ ಇರುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಆಗಿ ಟೈಪಿಂಗ್ ಕಲಿತಿದ್ದೆ. ಟೈಪಿಸ್ಟ್ ಕೆಲಸ ಕೇಳಿಕೊಂಡು ಹೋದರೆ ಯಜಮಾನರು ನನ್ನನ್ನು ಒಮ್ಮೆ ನೋಡಿ, "ಟೈಪಿಂಗಿಗೆ ಜನ ಇದಾರಮ್ಮ. ಶೋರೂಮಲ್ಲಿ ನಿಂತ್ಕೋತೀಯಾ? ಹೆಂಗಸರು ಬರ್ತಾರೆ, ನಮ್ಮ ಗಂಡಸರ ಹತ್ರ ಬಾಯಿಬಿಟ್ಟು ಏನೂ ಕೇಳಲ್ಲ, ಹಾಗೇ ಹೊರಟೋಗ್ತಾರೆ" ಎಂದರು. ನಿಂತುಕೊಳ್ಳುವುದು ಅಂದರೆ ಏನು ಎಂದು ನಾನು ಆಗ ಯೋಚಿಸಲಿಲ್ಲ.

ಬೆಳಗ್ಗೆ ಒಂಬತ್ತೂವರೆಗೆ ಷಟರ್ ಏಳುತ್ತಿತ್ತು, ಸಂಜೆ ಏಳೂವರೆಗೆ ಇಳಿಯುತ್ತಿತ್ತು. ಅಷ್ಟು ಹೊತ್ತೂ ಶೋರೂಮಿನವರು ಕೂರುವಂತಿಲ್ಲ. ಎತ್ತ ನೋಡಿದರೂ ಕುರ್ಚಿ. ಬೆತ್ತದ ಕುರ್ಚಿ, ಕೈ ಇರುವ ಕುರ್ಚಿ, ಮಡಿಸುವ ಕುರ್ಚಿ, ಕ್ಯಾನ್ವಾಸಿನ ಈಸಿ ಚೇರು, ಸೋಫಾ, ದಿವಾನ. ಎಲ್ಲವೂ ಗಿರಾಕಿಗಳಿಗೆ. ದೊಡ್ಡ ಯಜಮಾನರ ಕಾಲದಿಂದ ಬಂದ ನಿಯಮವಂತೆ. ಮೊದಲ ದಿನವೇ ಮ್ಯಾನೇಜರು ನನ್ನನ್ನು ಸಾಲಿನುದ್ದಕ್ಕೂ ಕರೆದುಕೊಂಡು ಹೋಗಿ ವಿವರಿಸಿದ್ದರು: "ನೀವು ಕೂತಿರೋದನ್ನ ಗಿರಾಕಿ ನೋಡಿದ್ರೆ ಆ ಕುರ್ಚಿ ಸೆಕೆಂಡ್ ಹ್ಯಾಂಡ್ ಅಂದ್ಕೋತಾರೆ. ತಿಳೀತಾ?" ಅವರು ಯಜಮಾನರ ಅಳಿಯ. ಬಿ.ಕಾಂ. ಓದಿದವರು, ದಿನವೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕುತ್ತಿದ್ದರು. ಕೆಟ್ಟವರೇನಲ್ಲ. ತಾವೂ ಕೂರುತ್ತಿರಲಿಲ್ಲ, ಅದನ್ನು ಒಪ್ಪಬೇಕು. ಆದರೆ ಗಂಟೆಗೊಮ್ಮೆ ಅವರಿಗೆ ಆಫೀಸು ಕೋಣೆಯೊಳಗೆ ಕೆಲಸ ಬೀಳುತ್ತಿತ್ತು. ನನಗೆ ಬೀಳುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಅಂಗಳಕ್ಕೆ ಹೋಗಿ ಹಲಗೆಗಳ ಅಟ್ಟಿಯ ಮೇಲೆ ಕೂತು ಡಬ್ಬಿ ತೆರೆಯುತ್ತಿದ್ದೆ. ಊಟಕ್ಕಿಂತ ಆ ಕೂರುವುದೇ ರುಚಿಯಾಗಿರುತ್ತಿತ್ತು. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕರೆ ಟೋಲ್‌ಗೇಟಿನ ಸ್ಟಾಪು ಬಂದದ್ದೂ ತಿಳಿಯದೆ ನಿದ್ದೆ ಹೋಗಿ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದದ್ದುಂಟು. ಮನೆಗೆ ಬಂದು ಬಕೆಟ್ಟಿನಲ್ಲಿ ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊಂಡು, ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದೆ.

ಸೇರಿದ ಮೂರನೇ ವರ್ಷ ನಾನು ಬಸುರಿಯಾದೆ. ಮೂರು ತಿಂಗಳಿಗೇ ಹೋಯಿತು. ಒಬ್ಬ ಗಿರಾಕಿಗೆ ಊಟದ ಟೇಬಲ್ಲಿನ ಒಳಗಿನ ಹಲಗೆ ಹೇಗೆ ಎಳೆದು ಉದ್ದ ಮಾಡಬೇಕೆಂದು ತೋರಿಸುತ್ತಿದ್ದಾಗಲೇ ನೋವು ಶುರುವಾಗಿತ್ತು. ತೋರಿಸಿ ಮುಗಿಸಿದೆ. ಎರಡು ದಿನ ಜ್ವರ ಎಂದು ರಜೆ ಹಾಕಿ ಮೂರನೆಯ ದಿನ ಬಂದು ನಿಂತೆ. ಅದಾದ ವರ್ಷಕ್ಕೆ ಮತ್ತೆ ಬಸುರಾದೆ. ಈ ಸಲ ಲೇಡಿ ಡಾಕ್ಟರ ಹತ್ತಿರ ಹೋದೆವು. ಅವರು ನೋಡಿ, "ಜಾಸ್ತಿ ಹೊತ್ತು ನಿಲ್ಲಬಾರದಮ್ಮ. ಏನ್ ಕೆಲಸ ಮಾಡ್ತೀಯ?" ಎಂದು ಕೇಳಿದರು.

"ಫರ್ನಿಚರ್ ಅಂಗಡೀಲಿ, ಮೇಡಂ."

"ಹಾಗಾದ್ರೆ ಕೂತ್ಕೊಳ್ಳೋಕೆ ತೊಂದರೆ ಇಲ್ಲ ಬಿಡು" ಎಂದು ಚೀಟಿ ಬರೆದುಕೊಟ್ಟರು. ನಾನು ಹೂಂ ಎಂದೆ. ಹೊರಗೆ ಬಂದ ಮೇಲೆ ನನ್ನ ಗಂಡ, "ಹೇಳಿಬಿಡು ಅವರಿಗೆ" ಎಂದರು. ಎರಡು ಹೆಜ್ಜೆ ನಡೆದು, "ಇನ್ನೊಂದೆರಡು ತಿಂಗಳು ನೋಡಿ ಹೇಳಿದ್ರಾಯ್ತು, ಏನಂತಿ?" ಎಂದರು. ಅವರ ಗಿರಣಿಯಲ್ಲಿ ಆ ವಾರವೇ ಒಂದು ಪಾಳಿ ನಿಲ್ಲಿಸಿದ್ದರು. ನನಗಿಂತ ಮೊದಲು ಆಫೀಸಿನಲ್ಲಿದ್ದ ಟೈಪಿಸ್ಟ್ ಹುಡುಗಿಗೆ ಹೀಗೇ ಆದಾಗ "ಮನೇಲಿ ರೆಸ್ಟ್ ತಗೊಳ್ಳಮ್ಮ" ಎಂದು ಕಳಿಸಿದ್ದರಂತೆ. ರೆಸ್ಟು ಮುಗಿಸಿ ಬಂದಾಗ ಅವಳ ಜಾಗದಲ್ಲಿ ಬೇರೆಯವರಿದ್ದರು. ನಾನು ಹೇಳಲಿಲ್ಲ. ಸೆರಗನ್ನು ಸ್ವಲ್ಪ ಸಡಿಲವಾಗಿ ಹೊದ್ದುಕೊಳ್ಳತೊಡಗಿದೆ.

ಕಾರ್ಖಾನೆಯ ಮೇಸ್ತ್ರಿಗೆ ಆಗ ಅರವತ್ತರ ಹತ್ತಿರ. ಶ್ರೀಗಂಧದ ಕಾವಲಿನ ಕಡೆ ಒಂದು ಹಳ್ಳಿಯವರು, ಒಕ್ಕಲುತನದ ಮನೆ. ಮನೆಯ ಹೊಲವೆಲ್ಲ ಅಣ್ಣಂದಿರ ಪಾಲಿಗೆ ಹೋದದ್ದರಿಂದ ಹುಡುಗನಾಗಿದ್ದಾಗಲೇ ಪೇಟೆಗೆ ಬಂದು ದೊಡ್ಡ ಯಜಮಾನರ ಹತ್ತಿರ ಕೆಲಸ ಕಲಿತವರು. ದಿನವೂ ಮಾಗಡಿ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಖಾಕಿ ಚಡ್ಡಿ, ತೋಳಿಲ್ಲದ ಬನಿಯನ್ನು, ಕಿವಿಗೆ ಸಿಕ್ಕಿಸಿದ ಪೆನ್ಸಿಲು. ಶೋರೂಮಿನೊಳಗೆ ಅವರು ಬರುತ್ತಿದ್ದದ್ದು ಅಪರೂಪ. ಮಳೆಗಾಲದಲ್ಲಿ ಬೀರುವಿನ ಬಾಗಿಲು ಉಬ್ಬಿ ಕಚ್ಚಿಕೊಂಡರೆ ಕೀಸುಳಿ ಹಿಡಿದು ಬಂದು ಅಂಚು ಕೆರೆದು ಹೋಗುತ್ತಿದ್ದರು. ಹಾಗೆ ಬಂದ ಒಂದು ದಿನ ನಾನು ಬೀರುಗಳ ಸಾಲಿನ ಹಿಂದೆ, ಯಾರಿಗೂ ಕಾಣದ ಹಾಗೆ, ಒಂದು ಬೀರುವಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿಕೊಂಡು ನಿಂತಿದ್ದೆ. ಕಣ್ಣು ಬಿಟ್ಟರೆ ಎದುರಿಗೆ ಮೇಸ್ತ್ರಿ.

"ಎಷ್ಟು ತಿಂಗಳು ಅಮ್ಮಣ್ಣಿ?" ಎಂದರು.

ಇಲ್ಲ ಎನ್ನಲು ಬಾಯಿ ತೆರೆದೆ. ಅವರು ನಗಲೂ ಇಲ್ಲ, ಕೆದಕಲೂ ಇಲ್ಲ. "ನಾಲ್ಕು ಹೆಣ್ಮಕ್ಕಳ ಬಾಣಂತನ ಮಾಡ್ಸಿರೋ ಮನೆ ನಮ್ದು. ನನಗೆ ಗೊತ್ತಾಗಾಕಿಲ್ವಾ?" ಎಂದರು.

"ಮೂರು ತುಂಬಿ ನಾಲ್ಕಕ್ಕೆ ಬಿತ್ತು. ಯಾರಿಗೂ ಹೇಳಬೇಡಿ ಮೇಸ್ತ್ರಿ."

"ನಾನ್ಯಾಕೆ ಹೇಳ್ಲಿ" ಎಂದು ಬಾಗಿಲು ಕೆರೆಯಲು ಕೂತರು. ಹೋಗುವಾಗ ಒಂದು ಕ್ಷಣ ನನ್ನ ಪಕ್ಕದಲ್ಲಿ ನಿಂತು, ನನ್ನ ಸೊಂಟದ ಮಟ್ಟವನ್ನೂ ನಾನು ಬಿಲ್ಲು ಬರೆಯುವ ಮೇಜಿನ ಮಟ್ಟವನ್ನೂ ಕಣ್ಣಿನಲ್ಲೇ ನೋಡಿಕೊಂಡು ಹೋದರು. ಯಾಕೆಂದು ನನಗೆ ಹೊಳೆಯಲಿಲ್ಲ.

ನಾಲ್ಕು ದಿನವಾದ ಮೇಲೆ ಬೆಳಗ್ಗೆ ಬಂದಾಗ ಬಿಲ್ಲಿನ ಮೇಜಿನ ಹಿಂದೆ, ಗೋಡೆಗೆ ಒತ್ತಿಕೊಂಡು, ಒಂದು ಎತ್ತರದ ಸ್ಟೂಲು ಇತ್ತು. ಹೊನ್ನೆ ಮರದ್ದು. ಕೂರುವ ಹಲಗೆ ಚೂರು ಚೂರು ಜೋಡಿಸಿದ್ದು, ಒಂದು ಕಡೆ ಗಂಟು ಬೇರೆ ಇತ್ತು. ಮಾರುವ ಸಾಮಾನಿಗೆ ಆಗದೆಂದು ಬಿಸಾಡಿದ ತುಂಡುಗಳು ಎಂದು ನೋಡಿದರೆ ತಿಳಿಯುತ್ತಿತ್ತು. ಒಂದು ಮೊಳೆಯೂ ಇರಲಿಲ್ಲ. ಹಲಗೆಯನ್ನು ಮುಂದಕ್ಕೆ ಕೂದಲಷ್ಟು ಇಳಿಜಾರು ಮಾಡಿದ್ದರು, ಕಾಲಿಡಲು ಸರಿಯಾದ ಎತ್ತರದಲ್ಲಿ ಒಂದು ಅಡ್ಡಪಟ್ಟಿ ಕೊಟ್ಟಿದ್ದರು. ಅದರ ಮೇಲೆ ಕೂತರೆ ಮೇಜಿನ ಆಚೆ ಇರುವವರಿಗೆ ನಾನು ನಿಂತಿದ್ದೇನೆ ಎಂದೇ ಕಾಣುತ್ತಿತ್ತು. ಆ ದಿನ ಮೊದಲ ಸಲ ಕೂತಾಗ ನನ್ನ ಬೆನ್ನಿನಿಂದ ಯಾರೋ ಮೂಟೆ ಇಳಿಸಿದ ಹಾಗಾಯಿತು. ಅಳು ಬಂತು. ಗಿರಾಕಿ ಬಂದರೆ ಎಂದು ಕಣ್ಣು ಒರೆಸಿಕೊಂಡೆ.

ಊಟದ ಹೊತ್ತಿಗೆ ಅಂಗಳಕ್ಕೆ ಹೋಗಿ, "ಮೇಸ್ತ್ರಿ, ಯಾಕೆ ಇಷ್ಟೆಲ್ಲ..." ಎಂದೆ.

"ಒಲೆಗೆ ಹೋಗೋ ಮರ ಅದು. ಸುಮ್ನೆ ಕುಂತ್ಕೋ" ಎಂದು ಬೀಡಿ ಹಚ್ಚಿದರು.

ಏಳು ವಾರ ಆ ಸ್ಟೂಲಿನ ಮೇಲೆ ಕೂತೆ. ಗಿರಾಕಿ ಬಂದರೆ ಎದ್ದು ಹೋಗುವುದು, ತೋರಿಸುವುದು, ಮತ್ತೆ ಬಂದು ಕೂರುವುದು. ಮ್ಯಾನೇಜರ ಕಣ್ಣಿಗೆ ಅದು ಬೀಳಲಿಲ್ಲ. ಬಿದ್ದಿದ್ದರೂ ಯಾವುದೋ ಸಾಮಾನು ಎಂದುಕೊಂಡಿರಬೇಕು. ಮಾಗಡಿ ರಸ್ತೆಯ ಬಸ್ಸಿನಲ್ಲಿ ನಿದ್ದೆ ಹೋಗುವುದು ನಿಂತಿತು. ಹೊಟ್ಟೆಯೊಳಗೆ ಮಗು ಮೊದಲ ಸಲ ಮಿಸುಕಿದ್ದು ಅದರ ಮೇಲೆ ಕೂತಿದ್ದಾಗಲೇ, ಒಂದು ಮಧ್ಯಾಹ್ನ, ರಸ್ತೆಯಲ್ಲಿ ಕಡಲೆಕಾಯಿ ಗಾಡಿಯವನು ಕೂಗುತ್ತಿದ್ದ ಹೊತ್ತಿನಲ್ಲಿ.

ಒಂದು ಶನಿವಾರ ಬಸವೇಶ್ವರನಗರದಿಂದ ಒಬ್ಬ ಅಧಿಕಾರಿಯ ಹೆಂಡತಿ ಬಂದರು. ದೊಡ್ಡ ಮನೆ ಕಟ್ಟಿಸಿದ್ದರು. ಅಡುಗೆಮನೆಗೆ ಎತ್ತರದ ಕಟ್ಟೆ ಹಾಕಿಸಿದ್ದೇವೆ, ನಿಂತು ಅಡುಗೆ ಮಾಡಬೇಕು ಎಂದು ಮಾತಿಗೆ ಹೇಳಿದರು. ನಾನು ಡ್ರೆಸ್ಸಿಂಗ್ ಟೇಬಲ್ ತೋರಿಸುತ್ತಿದ್ದೆ. ಅವರ ದೃಷ್ಟಿ ಬಿಲ್ಲಿನ ಮೇಜಿನ ಹಿಂದಕ್ಕೆ ಹೋಯಿತು. ನಾನು ತಡೆಯುವುದರೊಳಗೆ ಒಳಗೆ ಬಂದು ಸ್ಟೂಲಿನ ಮೇಲೆ ಕೂತೇ ಬಿಟ್ಟರು.

"ಅಯ್ಯೋ, ಇದು ಎಷ್ಟು ಚೆನ್ನಾಗಿದೆ! ಕೂತ್ಕೊಂಡೇ ಚಪಾತಿ ಲಟ್ಟಿಸಬಹುದು. ಏನ್ರೀ ಇದರ ಬೆಲೆ?"

"ಅದು ಮಾರೋದಲ್ಲ ಮೇಡಂ" ಎಂದೆ.

"ಅಂಗಡೀಲಿ ಇಟ್ಕೊಂಡು ಮಾರೋದಲ್ಲ ಅಂದ್ರೆ?" ಎಂದು ದನಿ ಎತ್ತಿದರು. ಮ್ಯಾನೇಜರು ಕೋಣೆಯಿಂದ ಬಂದರು. ಗಿರಾಕಿಗೆ ನಗುಮುಖ ತೋರಿಸಿ, ಸ್ಟೂಲನ್ನು ಬೋರಲು ಹಾಕಿ ಕೆಳಗೆ ನೋಡಿದರು. ನಮ್ಮಲ್ಲಿ ಪ್ರತಿ ಸಾಮಾನಿನ ಅಡಿಯಲ್ಲೂ ನಂಬರಿನ ಚೀಟಿ ಅಂಟಿಸುತ್ತಿದ್ದರು. ಇದರಲ್ಲಿ ಇರಲಿಲ್ಲ. "ಮಂಗಳವಾರ ಬನ್ನಿ ಮೇಡಂ, ವಿಚಾರಿಸಿ ಹೇಳ್ತೀನಿ" ಎಂದು ಅವರನ್ನು ಕಳಿಸಿ ನನ್ನ ಕಡೆ ತಿರುಗಿದರು.

"ಏನಮ್ಮ ಇದು? ಯಾರು ಮಾಡಿದ್ದು?"

"ಗೊತ್ತಿಲ್ಲ ಸಾರ್" ಎಂದೆ. ಅಷ್ಟು ಸಲೀಸಾಗಿ ಬಂತು ಆ ಮಾತು. ಆದರೆ ಕೀಲುಗಳನ್ನು ಹಾಗೆ ಕೂಡಿಸುವವರು ಆ ಕಾರ್ಖಾನೆಯಲ್ಲಿ ಒಬ್ಬರೇ ಇದ್ದರು. ಅದು ಮ್ಯಾನೇಜರಿಗೂ ಗೊತ್ತಿತ್ತು.

ಸಂಜೆ ಯಜಮಾನರ ಕೋಣೆಗೆ ಮೇಸ್ತ್ರಿಯನ್ನು ಕರೆಸಿದರು. ನನ್ನನ್ನೂ ಕರೆದರು, ಸಾಕ್ಷಿಗೆ ಎಂದು ಇರಬೇಕು. ಯಜಮಾನರು ಯಾರ ಜೊತೆಗೋ ಫೋನಿನಲ್ಲಿದ್ದರು. ಮೇಸ್ತ್ರಿ ಬಾಗಿಲ ಹತ್ತಿರ ಕೈಕಟ್ಟಿಕೊಂಡು ನಿಂತರು. ಫೋನು ಬಹಳ ಹೊತ್ತು ನಡೆಯಿತು. ಕೋಣೆಯಲ್ಲಿ ಎರಡು ಖಾಲಿ ಕುರ್ಚಿಗಳಿದ್ದವು. ಯಾರೂ ಅವರಿಗೆ ಕೂರಿ ಎನ್ನಲಿಲ್ಲ, ನಾನೂ ಅನ್ನಲಿಲ್ಲ.

ಫೋನಿಟ್ಟ ಮೇಲೆ ಯಜಮಾನರು ಕಣ್ಣುಜ್ಜಿಕೊಂಡರು. ಅವರೂ ದಣಿದಿದ್ದರು; ಸ್ಟೀಲ್ ಬೀರುಗಳು ಬಂದು ಮರದ ಬೀರು ಕೇಳುವವರು ಕಡಿಮೆಯಾಗಿದ್ದ ಕಾಲ. "ಏನ್ ಮೇಸ್ತ್ರಿ, ಇದು ನೀವೇ ಮಾಡಿದ್ದಾ?"

"ಹೂಂ ಸ್ವಾಮಿ."

"ಯಾರಿಗೆ ಮಾಡಿದ್ರಿ?"

ಮೇಸ್ತ್ರಿ ನನ್ನ ಕಡೆ ನೋಡಲೇ ಇಲ್ಲ. "ನನಗೇ ಸ್ವಾಮಿ. ಮನೆಗೆ ತಗಂಡ್ ಹೋಗಾನಾ ಅಂತ ಮಾಡ್ದೆ. ಇಲ್ಲಿ ಮಡಗಿದ್ದೆ" ಎಂದರು.

ಮ್ಯಾನೇಜರು, "ಕಂಪನಿ ಮರ, ಕಂಪನಿ ಟೈಮು. ಇದನ್ನ ಹೀಗೇ ಬಿಟ್ರೆ ನಾಳೆ ಎಲ್ಲರೂ ಒಂದೊಂದು ಮಂಚ ಮನೆಗೆ ಹೊತ್ಕೊಂಡ್ ಹೋಗ್ತಾರೆ" ಎಂದರು. ಬಿಸಾಡಿದ ತುಂಡು ಎಂದು ಮೇಸ್ತ್ರಿ ಹೇಳಲಿಲ್ಲ. ನಾನು ಹೇಳಬಹುದಿತ್ತು. ಆಗ ಅಲ್ಲಿ ಒಂದೇ ಒಂದು ವಾಕ್ಯ ಸಾಕಿತ್ತು. ಹಿಂದಿನ ವರ್ಷದ ನೋವು ನೆನಪಾಯಿತು, ಗಿರಣಿಯಲ್ಲಿ ನಿಂತ ಪಾಳಿ ನೆನಪಾಯಿತು. ಸೆರಗು ಸರಿಮಾಡಿಕೊಂಡು ಸುಮ್ಮನೆ ನಿಂತೆ.

"ಕೆಲಸದಿಂದ ತೆಗೆಯೋ ಮಾತು ಬೇಡ" ಎಂದರು ಯಜಮಾನರು ಅಳಿಯನಿಗೆ. "ಅಪ್ಪನ ಕಾಲದವರು. ಒಂದು ತಪ್ಪೊಪ್ಪಿಗೆ ಬರೆಸಿಕೊಂಡು ಫೈಲಿಗೆ ಹಾಕು, ಸಾಕು."

ಮೇಸ್ತ್ರಿಗೆ ಸಹಿ ಹಾಕಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಮ್ಯಾನೇಜರು ನನ್ನ ಮುಂದೆ ಬಿಳಿ ಹಾಳೆ ಇಟ್ಟರು. "ನಿಮ್ಮ ಅಕ್ಷರ ಚೆನ್ನಾಗಿದೆ. ಬರೀರಿ."

ನಾನು ಬರೆದೆ. ಅವರು ಹೇಳುತ್ತಾ ಹೋದ ಹಾಗೆ ಬರೆದೆ. ಕಂಪನಿಯ ಮರವನ್ನು ಅನುಮತಿ ಇಲ್ಲದೆ ನನ್ನ ಸ್ವಂತ ಉಪಯೋಗಕ್ಕಾಗಿ ಬಳಸಿಕೊಂಡಿದ್ದೇನೆ ಎನ್ನುವವರೆಗೆ ಬಂದು ಕೈ ನಿಂತಿತು. ಸ್ವಂತ ಎನ್ನುವ ಪದದ ಮುಂದೆ ಪೆನ್ನು ಹಾಗೇ ಇತ್ತು, ಶಾಯಿ ಚುಕ್ಕೆಯಾಗಿ ಹರಡಿತು.

ಬಾಗಿಲ ಹತ್ತಿರದಿಂದ ಮೇಸ್ತ್ರಿ, "ಬರಿ ಅಮ್ಮಣ್ಣಿ. ನಿನಗೆ ಬಸ್ಸಿಗೆ ಹೊತ್ತಾಯ್ತದೆ" ಎಂದರು.

ಬರೆದು ಮುಗಿಸಿದೆ. ಅವರು ಬಗ್ಗಿ, ಕನ್ನಡಕ ಹುಡುಕಿಕೊಂಡು, ಅಕ್ಷರ ಒಂದೊಂದೇ ಕೆತ್ತಿದ ಹಾಗೆ ಸಹಿ ಹಾಕಿದರು. ಬನಿಯನ್ನಿನ ಮೇಲಿದ್ದ ಮರದ ಪುಡಿ ಸ್ವಲ್ಪ ಹಾಳೆಯ ಮೇಲೆ ಬಿತ್ತು. ಮ್ಯಾನೇಜರು ಅದನ್ನು ಊದಿ ಹಾಳೆ ಮಡಿಸಿದರು.

ಆ ಸಂಜೆ ಮನೆಯಲ್ಲಿ ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು, "ನೀ ಏನ್ ಮಾಡಾಕ ಆಗ್ತಿತ್ತು?" ಎಂದರು. ನನ್ನನ್ನು ಸಮಾಧಾನ ಮಾಡಲು ಕೇಳಿದ್ದು. ಆದರೆ ಏನು ಮಾಡಬಹುದಿತ್ತು ಎನ್ನುವುದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ಮಂಗಳವಾರ ಆ ಅಧಿಕಾರಿಯ ಹೆಂಡತಿ ಹೇಳಿದ ಹಾಗೇ ಬಂದರು. ಅಷ್ಟರಲ್ಲಿ ಸ್ಟೂಲಿಗೆ ಪಾಲಿಶ್ ಹಚ್ಚಿಸಿ ಅಡಿಯಲ್ಲಿ ನಂಬರಿನ ಚೀಟಿ ಅಂಟಿಸಲಾಗಿತ್ತು. ಮ್ಯಾನೇಜರು ಅದನ್ನು ಅವರಿಗೆ ಮಾರಿದರು. ಕಾಗದ ಸುತ್ತಿ, ಹಗ್ಗ ಕಟ್ಟಿ, ಆಟೋಗೆ ಇಡಿಸಿದ್ದು ನಾನೇ. ಗಿರಾಕಿಗೆ ಬಹಳ ಸಂತೋಷವಾಗಿತ್ತು. "ನನ್ನ ತಂಗಿಗೂ ಒಂದು ಬೇಕು" ಎಂದು ಹೋದರು. ಮ್ಯಾನೇಜರು ಅಂಗಳಕ್ಕೆ ಹೋಗಿ ಅದೇ ಥರ ಆರು ಮಾಡಿ ಎಂದು ಹೇಳಿದರು. ಮೇಸ್ತ್ರಿ ಆಗ ಗರಗಸ ಸಾಣೆ ಹಿಡಿಯುತ್ತಿದ್ದರು, ತಲೆ ಎತ್ತಲಿಲ್ಲ. ಬೇರೆ ಬಡಗಿಗಳಲ್ಲಿ ಒಬ್ಬ, ಮುಖದಲ್ಲಿ ಏನೂ ತೋರಿಸದೆ, "ಆ ಅಳತೆ ನಮಗೆ ಬರಾಕಿಲ್ಲ ಸಾರ್" ಎಂದ. ಇನ್ನೊಬ್ಬನೂ ಹಾಗೇ ಎಂದ. ಮ್ಯಾನೇಜರು ವಾಪಸು ಬಂದರು. ಆ ಆರು ಸ್ಟೂಲುಗಳು ಯಾವತ್ತೂ ಆಗಲಿಲ್ಲ.

ಮೇಸ್ತ್ರಿ ಆ ವಾರ ಪೂರ್ತಿ ಬಂದರು. ಅರ್ಧಕ್ಕೆ ನಿಂತಿದ್ದ ಒಂದು ಮಂಚದ ತಲೆಹಲಗೆ ಮುಗಿಸಿದರು. ಆಮೇಲಿನ ಸೋಮವಾರ ಬರಲಿಲ್ಲ. ಮಂಗಳವಾರವೂ ಇಲ್ಲ. ಅವರ ಉಳಿಗಳ ಚೀಲ ಗೂಟದಲ್ಲಿ ಇರಲಿಲ್ಲ ಎಂದು ಯಾರೋ ನೋಡಿ ಹೇಳಿದರು. ಶನಿವಾರವೇ ತೆಗೆದುಕೊಂಡು ಹೋಗಿದ್ದರು.

ನಾನು ಮತ್ತೆ ನಿಂತೆ. ಪಾದ ಊದಿ ಚಪ್ಪಲಿಯ ಪಟ್ಟಿ ಕಚ್ಚುತ್ತಿತ್ತು. ಇನ್ನು ಸೆರಗಿನಲ್ಲಿ ಮುಚ್ಚುವುದೂ ಆಗದ ಹಾಗಾಯಿತು. ಎರಡು ವಾರ ಕಳೆದು, ಒಂದು ಬೆಳಗ್ಗೆ, ಷಟರ್ ಎತ್ತಿದ ಕೂಡಲೇ ಯಜಮಾನರ ಕೋಣೆಗೆ ಹೋದೆ. ಧೈರ್ಯ ಬಂತು ಎಂದು ಹೇಳಲಾರೆ. ಮುಚ್ಚಿಡುವುದಕ್ಕೆ ಬೇಕಾದ ಶಕ್ತಿ ಮುಗಿದುಹೋಗಿತ್ತು, ಅಷ್ಟೆ.

"ಸಾರ್, ಆ ಸ್ಟೂಲು ಮೇಸ್ತ್ರಿ ಮಾಡಿದ್ದು ನನಗೆ. ಬಿಸಾಡಿದ ತುಂಡಲ್ಲಿ ಮಾಡಿದ್ದು. ನಾನು ಬಸುರಿ. ಅದು ಗೊತ್ತಾಗಬಾರದು ಅಂತ ಅವರು ತಮ್ಮ ಮೇಲೆ ಹಾಕ್ಕೊಂಡ್ರು."

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊದಲೇ ಹೇಳಬಾರದಿತ್ತೇನಮ್ಮ?"

"ಹೇಳಿದ್ರೆ ಕೂರೋಕೆ ಬಿಡ್ತಿದ್ರಾ ಸಾರ್?"

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. ಅವರು ಸಿಟ್ಟಾಗಲಿಲ್ಲ. ಎದುರಿನ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ, ಕೂರಬೇಕು ಎನ್ನಿಸಲಿಲ್ಲ. ಅವರು ಫೈಲು ತರಿಸಿ ಆ ಹಾಳೆ ತೆಗೆದು ಹರಿದರು. "ವ್ಯಾನು ತಗೊಂಡು ಹೋಗು. ನಾನೇ ಬರಬೇಕಿತ್ತು, ಬರೋ ಮುಖ ಇಲ್ಲ. ಕರ್ಕೊಂಡು ಬಾ" ಎಂದರು.

ಡೆಲಿವರಿ ವ್ಯಾನಿನಲ್ಲಿ ಡ್ರೈವರ್ ಪಕ್ಕ ಕೂತು ಹೋದೆ. ಟೋಲ್‌ಗೇಟ್ ದಾಟಿದ ಮೇಲೆ ಮನೆಗಳು ತೆಳ್ಳಗಾಗುತ್ತಾ, ರಾಗಿ ಹೊಲಗಳು, ಇಟ್ಟಿಗೆ ಗೂಡುಗಳು ಬಂದವು. ದಾರಿ ಕೆಟ್ಟಿದ್ದರಿಂದ ಡ್ರೈವರ್ ನನ್ನ ಹೊಟ್ಟೆ ನೋಡಿ ನೋಡಿ ನಿಧಾನವಾಗಿ ಓಡಿಸಿದ. ಈ ದಾರಿಯಲ್ಲಿ ಆ ಮನುಷ್ಯ ದಿನಾ ಸೈಕಲ್ ತುಳಿದಿದ್ದರು ಎಂದು ಮೊದಲ ಸಲ ನನ್ನ ತಲೆಗೆ ಹೋಯಿತು.

ಮೇಸ್ತ್ರಿ ಮನೆಯ ಜಗಲಿಯ ಮೇಲೆ ಹೆಂಡತಿಯ ಜೊತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನನ್ನನ್ನು ಕಂಡು ಎದ್ದರು. "ಈ ಹೊತ್ನಲ್ಲಿ ಯಾಕೆ ಬಂದೆ, ಕುಂತ್ಕೋ" ಎಂದರು. ಅವರ ಹೆಂಡತಿ ನೀರು ಬೆಲ್ಲ ತಂದುಕೊಟ್ಟು ನನ್ನ ಪಕ್ಕದಲ್ಲೇ ಕೂತರು.

ಯಜಮಾನರು ಕಾಗದ ಹರಿದದ್ದು, ಕರೆಕಳಿಸಿದ್ದು, ಎಲ್ಲ ಹೇಳಿದೆ. ಮೇಸ್ತ್ರಿ ಕಾಯಿ ಸುಲಿಯುತ್ತಲೇ ಕೇಳಿದರು.

"ಬರಾಕಿಲ್ಲ ಅಮ್ಮಣ್ಣಿ."

"ನಾನು ಬರೆದಿದ್ದಕ್ಕಾ?"

"ನೀನು ಬರ್ದಿದ್ದಕ್ಕಲ್ಲ. ನೀನೇನ್ಮಾಡೀಯ." ಕೈಯಲ್ಲಿದ್ದ ಸಿಪ್ಪೆ ಪಕ್ಕಕ್ಕೆ ಹಾಕಿದರು. "ಅವತ್ತು ಬಾಗ್ಲು ತಾವ ನಿಂತಿದ್ನಲ್ಲ, ಅವರು ಫೋನಲ್ಲಿದ್ರಲ್ಲ, ಆವಾಗ ಮಂಡಿ ನಡುಗೋಕೆ ಸುರುವಾಯ್ತು. ಭಯಕ್ಕಲ್ಲ. ನೋವಿಗೆ. ಎಷ್ಟು ವರ್ಷದಿಂದ ನೋಯ್ತಾ ಇತ್ತೋ ನನಗೇ ತಿಳ್ದಿರ್ಲಿಲ್ಲ. ಸಾಕು ಅನ್ನುಸ್ತು. ಮನೇಗ್ ಬಂದು ಮಲಗ್ದೆ, ಭಾನ್ವಾರ ಪೂರಾ ಏಳ್ಲಿಲ್ಲ."

"ಯಜಮಾನರಿಗೆ ಬೇಜಾರಾಗಿದೆ ಮೇಸ್ತ್ರಿ."

"ಆಗ್ಲಿ" ಎಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ದಣಿವಿತ್ತು. ಅವರ ಹೆಂಡತಿ ಮಾತ್ರ ನನ್ನನ್ನು ನೇರವಾಗಿ ನೋಡಿ, "ನೀನು ಆವತ್ತೇ ಒಂದು ಮಾತು ಹೇಳಿದ್ರೆ ಆಯ್ತಿತ್ತಲ್ಲವ್ವ" ಎಂದರು. ಮೇಸ್ತ್ರಿ, "ಸುಮ್ಕಿರು" ಎಂದು ಅವರನ್ನು ತಡೆದರು. ನಾನು, "ಅವರು ಹೇಳೋದು ಸರಿ" ಎಂದೆ. ಹೊರಡುವಾಗ ಅದೇ ಹೆಂಗಸು ಸುಲಿದ ಅವರೆಕಾಳನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಗಿಟ್ಟು, "ಬಸುರಿ ಬರಿಗೈಲಿ ಹೋಗಬಾರದು" ಎಂದರು.

ಮೇಸ್ತ್ರಿಯಿಲ್ಲದೆ ವ್ಯಾನು ವಾಪಸು ಬಂದದ್ದನ್ನು ಯಜಮಾನರು ಬಾಗಿಲಲ್ಲೇ ನಿಂತು ನೋಡಿ ಒಳಗೆ ಹೋದರು. ಮರುವಾರ ಬಿಲ್ಲಿನ ಮೇಜಿನ ಹಿಂದೆ ಶೋರೂಮಿನವರಿಗೆಂದು ಒಂದು ಉದ್ದನೆಯ ಬೆಂಚು ಬಂತು. ಸಾಧಾರಣ ಬೆಂಚು, ಎತ್ತರ ಸರಿಯಿಲ್ಲ, ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು. ಆದರೂ ಕೂತೆವು. ಮ್ಯಾನೇಜರು ಮೊದಮೊದಲು ಮುಖ ಬೇರೆ ಕಡೆ ತಿರುಗಿಸಿಕೊಂಡು ಓಡಾಡಿದರು. ತಿಂಗಳು ಕಳೆದ ಮೇಲೆ ಒಂದು ದಿನ ತಾವೂ ಅದರ ತುದಿಯಲ್ಲಿ ಕೂತು ಬೂಟಿನ ದಾರ ಬಿಚ್ಚಿ, ಉಸ್ಸಪ್ಪ ಎಂದರು.

ಎಂಟನೆಯ ತಿಂಗಳವರೆಗೆ ಕೆಲಸ ಮಾಡಿದೆ. ಹೆಣ್ಣು ಮಗು ಹುಟ್ಟಿತು, ಸಣ್ಣದಾದರೂ ಗಟ್ಟಿ. ನನ್ನ ಜಾಗ ನನಗೇ ಉಳಿದಿತ್ತು. ಅದಕ್ಕೆ ಯಜಮಾನರನ್ನು ನೆನೆಯಬೇಕು. ಮಗುವನ್ನು ವಠಾರದ ಅಜ್ಜಿಯೊಬ್ಬರ ಹತ್ತಿರ ಬಿಟ್ಟು ಹೋಗಿಬರುತ್ತಿದ್ದೆ. ಕಂಪನಿ ಸ್ಟೀಲಿನ ಸಾಮಾನು ತರಿಸಿ ಮಾರಲು ಶುರು ಮಾಡಿತು. ಅಂಗಳದಲ್ಲಿ ಗರಗಸದ ಸದ್ದು ವಾರಕ್ಕೆ ಮೂರು ದಿನಕ್ಕೆ ಇಳಿಯಿತು. ಹೊಸ ಮೇಸ್ತ್ರಿ ಯಾರೂ ಬರಲಿಲ್ಲ.

ಮಗುವಿಗೆ ಒಂದು ವರ್ಷ ತುಂಬಿದ ಮೇಲೆ ಒಂದು ಭಾನುವಾರ ವಿಜಯನಗರದ ಮಾರ್ಕೆಟ್ ಹತ್ತಿರದ ಬಸ್ ಸ್ಟಾಪಿನಲ್ಲಿ ಮೇಸ್ತ್ರಿ ಸಿಕ್ಕರು. ಬಿಳಿ ಪಂಚೆ, ಇಸ್ತ್ರಿಯ ಅಂಗಿ ಹಾಕಿದ್ದರಿಂದ ಮೊದಲು ಗುರುತೇ ಹತ್ತಲಿಲ್ಲ. ಕಣ್ಣು ತೋರಿಸಲು ಮಗಳ ಮನೆಗೆ ಬಂದಿದ್ದರಂತೆ. ಮಗುವಿನ ಕೆನ್ನೆ ಮುಟ್ಟಿ, "ಹಲ್ಲು ಬಂತಾ?" ಎಂದರು. ನಾಲ್ಕು ಬಂದಿದೆ ಎಂದೆ.

"ಇನ್ನೂ ಅಲ್ಲೇ ಇದ್ದೀಯಾ?"

"ಅಲ್ಲೇ ಇದೀನಿ ಮೇಸ್ತ್ರಿ."

"ಪಾಲಿಶು ಸರಿಯಾಗಿ ಒಣಗುಸ್ತಾರಾ?"

"ಇಲ್ಲ. ಬೆಳಗ್ಗೆ ಹಚ್ಚಿ ಸಂಜೆ ಡೆಲಿವರಿ ಕಳಿಸ್ತಾರೆ. ಬಟ್ಟೆಗೆ ಅಂಟ್ಕೊಳತ್ತೆ ಅಂತ ಕಂಪ್ಲೇಂಟು."

ಅವರು ತಲೆ ಆಡಿಸಿದರು. "ಮಳೆಗಾಲದಾಗೆ ಮೂರು ದಿನ ಬಿಡಬೇಕು. ಆತುರ ಮಾಡಬಾರದು. ಹೇಳು ಅವರಿಗೆ."

ಹೇಳುತ್ತೇನೆ ಎಂದೆ. ಯಜಮಾನರ ಕೋಣೆಯಲ್ಲಿ ಅವತ್ತು ಸುಮ್ಮನೆ ನಿಂತದ್ದರ ಬಗ್ಗೆ ಅವರ ಹತ್ತಿರ ಒಂದು ಮಾತು ಆಡಬೇಕಿತ್ತು. ಒಂದೂವರೆ ವರ್ಷದಿಂದ ಮನಸ್ಸಿನಲ್ಲೇ ಎಷ್ಟೋ ಸಲ ಆಡಿಕೊಂಡದ್ದು. ಅಷ್ಟರಲ್ಲಿ ಅವರ ಬಸ್ಸು ಬಂತು. ಕಂಡಕ್ಟರು ಬೇಗ ಹತ್ತಿ ಎಂದು ಕೂಗಿದ. ಮೇಸ್ತ್ರಿ ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು, ಮೇಲೆ ಹತ್ತಿದರು. ಕಿಟಕಿಯ ಪಕ್ಕ ಒಬ್ಬ ಹುಡುಗ ಎದ್ದು ಅವರಿಗೆ ಸೀಟು ಬಿಟ್ಟುಕೊಟ್ಟದ್ದು ಹೊರಗಿನಿಂದ ಕಂಡಿತು. ಬಸ್ಸು ಹೋಯಿತು. ನಾನು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ತರಕಾರಿ ಕೊಳ್ಳಲು ಹೋದೆ.